ಆಪತ್ಕಾಲಕ್ಕೊಂದಿಷ್ಟು ವಿದ್ಯುತ್ತು

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಡಿನಾಡಿನಲ್ಲಿ ಕನ್ನಡದ ಅಳಿವು-ಉಳಿವಿನ ಕುರಿತು ನಾನು ಬರೆಯಬಹುದೆಂದು ಅವರು ನಿರೀಕ್ಷಿಸಿರಬೇಕು. ಆ ವಿಷಯದಲ್ಲಿ ನನಗಿಂತ ಅಧಿಕಾರವಾಣಿಯಿಂದ ಬರೆಯಬಲ್ಲ ಹಿರಿಯರು ಅನೇಕರಿದ್ದಾರೆ. ನಾನಾದರೋ ಮೇಲ್ನೋಟಕ್ಕೆ ಕ್ಷುಲ್ಲಕವೆಂದು ತೋರುವ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಬಾರದಿದ್ದರೆ ನಮ್ಮ ಮೊಬೈಲ್ ಫೋನುಗಳಿಗೆ ವಿದ್ಯುತ್ತನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೂ ನಮ್ಮ ಶಾಲೆಗೂ ಸಂಬಂಧವಿದೆಯೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಾವು ಈ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ಚಿಮಿಣಿ ದೀಪವೇ ಗತಿ. ರಾತ್ರಿ ಹೊತ್ತು ಮನೆಗೆ ಬಂದವರು ಹೊರಟು ನಿಂತರೆ, ಒಣಗಿದ ತೆಂಗಿನ ಗರಿಗಳ ಸೂಟೆ ಕಟ್ಟಿ, ಹೊತ್ತಿಸಿ, ಕೈಗಿತ್ತು ಕಳುಹಿಸುವುದು ಮನೆಯವರ ಕರ್ತವ್ಯವಾಗಿತ್ತು. ಕೊಟ್ಟ ಸೂಟೆಯ ಲೆಕ್ಕವನ್ನು ಯಾರೂ ಇಟ್ಟವರಲ್ಲ. ಕತ್ತಲೆಯನ್ನು ದಾಟುವ ಸಿದ್ಧತೆ ಆಗ ಒಬ್ಬೊಬ್ಬರದಾಗಿರಲಿಲ್ಲ; ಅದು ಊರಿನದಾಗಿತ್ತು.

ಕಾಲ ಬದಲಾಯಿತು. 2017ರ ಮೇ 29ರಂದು ಕೇರಳವು ಸಂಪೂರ್ಣ ವಿದ್ಯುದೀಕರಣಗೊಂಡ ರಾಜ್ಯವೆಂದು ಘೋಷಿತವಾಯಿತು. ನಮ್ಮ ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ 250 ಎಕರೆಗೂ ಮಿಕ್ಕಿದ ಪ್ರದೇಶದಲ್ಲಿ ತಲೆಯೆತ್ತಿದ 50 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಯೋಜನೆಯನ್ನು 2021ರ ಫೆಬ್ರವರಿಯಲ್ಲಿ ಪ್ರಧಾನಿಯವರು ಲೋಕಾರ್ಪಣೆಗೊಳಿಸಿದರು. ಕನ್ನಡ-ತುಳು ಮಾತನಾಡುವ ಈ ನೆಲದಲ್ಲಿಯೇ ವಿದ್ಯುತ್ತು ಉತ್ಪನ್ನವಾಗುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಆಟಿ ತಿಂಗಳ ಗಾಳಿಮಳೆಗೆ ತೋಟದ ಕಂಗೊಂದು ತಂತಿಯ ಮೇಲೆ ಬಿದ್ದರೆ, ಅದೇ ನೆಲದ ಮನೆಗಳು ಕತ್ತಲೆಯಲ್ಲಿ ಮುಳುಗುತ್ತವೆ. ಮಳೆಯಲ್ಲಿ ಕಂಬ ಹತ್ತಿ ದುಡಿಯುವ ವಿದ್ಯುತ್ ಮಂಡಳಿಯ ಕಾರ್ಮಿಕರನ್ನು ದೂರುವುದು ನನ್ನ ಉದ್ದೇಶವಲ್ಲ. ಗುಡ್ಡ, ತೋಟ, ಕಾಡುಗಳ ನಡುವೆ ಹಾದುಹೋಗುವ ತಂತಿಗಳು ಮಳೆಗಾಲದಲ್ಲಿ ಕಡಿಯುವುದು ಸಹಜವೆಂದು ತಿಳಿದೇ ನಾವು ಸಿದ್ಧರಾಗಿರಬೇಕಲ್ಲವೇ?

ಕೆಲವು ವರ್ಷಗಳ ಹಿಂದೆ ಅಂತಹ ಒಂದು ರಾತ್ರಿ ನೆರೆಮನೆಯ ವೃದ್ಧರೊಬ್ಬರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಮಕ್ಕಳು ಪರದೇಶದಲ್ಲಿ, ಮನೆಯಲ್ಲಿ ದಂಪತಿಗಳಿಬ್ಬರೇ. ಕರೆಂಟು ಹೋಗಿ ಎರಡನೆಯ ದಿನ. ಅವರ ಫೋನು ಬರಿದಾಗಿತ್ತು. ಆ ತಾಯಿ ಕೊಡೆ ಹಿಡಿದು ನಮ್ಮ ಮನೆಗೆ ಓಡಿ ಬಂದರು. ನನ್ನ ಫೋನೂ ಬರಿದು. ಉಳಿದಿದ್ದ ಚಾರ್ಜನ್ನು ಸಂಜೆ ಯಕ್ಷಗಾನದ ವೀಡಿಯೋ ನೋಡುತ್ತಾ ನಾನೇ ಮುಗಿಸಿದ್ದೆ. ಅಗ್ಗದ ಬೆಲೆಗೆ ಕೊಂಡಿದ್ದ ಪವರ್ ಬ್ಯಾಂಕೊಂದು ಕಪಾಟಿನಲ್ಲಿತ್ತು. ತಿಂಗಳುಗಟ್ಟಲೆ ಮುಟ್ಟದೆ ಇದ್ದುದರಿಂದ ಅದೂ ನಿರ್ಜೀವವಾಗಿತ್ತು. ಕೊನೆಗೆ ತೋಡು ದಾಟಿ ಜೀಪಿರುವ ಮನೆಯವರನ್ನು ಎಬ್ಬಿಸಿ, ಹಿರಿಯರನ್ನು ಮಂಗಳೂರಿಗೆ ಕೊಂಡೊಯ್ದೆವು. ಅವರು ಬದುಕಿಕೊಂಡರು. ಆದರೆ ವಾಹನಕ್ಕಾಗಿ ಅಲೆದ ಆ ಒಂದೂವರೆ ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ.

ಮೊಬೈಲ್ ಎಂದರೆ ಕಾಲಹರಣದ ಸಾಧನವೆಂದು ಹಿರಿಯರು ಜರೆಯುವುದುಂಟು. ಅದು ಪೂರ್ಣ ಸುಳ್ಳಲ್ಲ. ಆದರೆ ಕಾಸರಗೋಡಿನ ಕನ್ನಡಿಗನ ಬದುಕು ಹಲವು ದಿಕ್ಕುಗಳಿಗೆ ಹಂಚಿಹೋಗಿದೆ. ಚಿಕಿತ್ಸೆಗೆ ಮಂಗಳೂರು, ಸರಕಾರಿ ಕಾಗದಪತ್ರಗಳಿಗೆ ತಿರುವನಂತಪುರ, ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ. ಇವನ್ನೆಲ್ಲ ಬೆಸೆಯುವ ಎಳೆ ಈಗ ಫೋನು. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿದಾಗ ಅನೇಕ ರೋಗಿಗಳಿಗೆ ವೈದ್ಯರ ಸಲಹೆ ದೊರೆತದ್ದು ಫೋನಿನಲ್ಲಿ. ಅದೇ ವರ್ಷದ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಾದರೋ ಹೆಚ್ಚಾಗಿ ಅಂತರ್ಜಾಲದಲ್ಲಿ ಬಂದ ಪಾಠಗಳನ್ನೂ ಶಿಕ್ಷಕರು ಕಳುಹಿಸಿದ ಧ್ವನಿಮುದ್ರಣಗಳನ್ನೂ ಅವಲಂಬಿಸಬೇಕಾಯಿತು. ಫೋನು ಬರಿದಾದ ದಿನ ಆ ಮಕ್ಕಳ ಪಾಲಿಗೆ ಶಾಲೆಯೇ ಇಲ್ಲ.

2018ರ ಆಗಸ್ಟ್ ತಿಂಗಳ ಮಹಾಪ್ರಳಯದಲ್ಲಿ ಕೇರಳದಲ್ಲಿ 400ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಮಾಳಿಗೆಯನ್ನೇರಿ ಕುಳಿತ ಅಸಂಖ್ಯ ಮಂದಿ ತಾವಿರುವ ಸ್ಥಳವನ್ನು ಫೋನಿನ ಮೂಲಕ ತಿಳಿಸಿ ಪಾರಾದರು; ಫೋನು ಆರಿಹೋದವರನ್ನು ಹುಡುಕುವುದು ಅಷ್ಟೇ ಕಷ್ಟವಾಯಿತು. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲದಲ್ಲಿ ಭೂಕುಸಿತವಾದಾಗ, ವಿದ್ಯುತ್ತಿಲ್ಲದೆಯೂ ಬಿಎಸ್‌ಎನ್‌ಎಲ್‌ನವರು ಅಲ್ಲಿನ ಗೋಪುರವನ್ನು ಡೀಸೆಲ್ ಜನರೇಟರಿನಿಂದ ನಡೆಸಿ ಸಂಪರ್ಕವನ್ನು ಉಳಿಸಿಕೊಂಡರು. ಇದರಿಂದ ತಿಳಿಯಬೇಕಾದುದು ಎರಡು. ಕೈಯಲ್ಲಿರುವ ಫೋನಿಗೂ ವಿದ್ಯುತ್ತು ಬೇಕು. ಅದಕ್ಕೆ ಸಂಕೇತ ಕಳುಹಿಸುವ ಗೋಪುರಕ್ಕೂ ಬೇಕು. ಗೋಪುರದ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಎರಡನೆಯದು ಕಂಪೆನಿಗಳ ಹೊಣೆ. ಅದನ್ನು ನಾವು ಒತ್ತಾಯಿಸಿ ಕೇಳಬೇಕು. ಮೊದಲನೆಯದು ನಮ್ಮ ಕೈಯಲ್ಲಿಯೇ ಇದೆ.

ಪವರ್ ಬ್ಯಾಂಕಿನ ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿ ಅಪ್ರಸ್ತುತವಾಗಲಾರದು. ಡಬ್ಬದ ಮೇಲೆ 10,000 ಮಿಲಿಆಂಪಿಯರ್-ಅವರ್ ಎಂದು ದೊಡ್ಡಕ್ಷರಗಳಲ್ಲಿ ಬರೆದಿರುವುದನ್ನು ಕಂಡು, 5,000ದ ಫೋನಿಗೆ ಎರಡು ಬಾರಿ ತುಂಬುತ್ತದೆಂದು ನಾವು ಲೆಕ್ಕ ಹಾಕುತ್ತೇವೆ. ಅದು ಒಳಗಿನ ಕೋಶದ 3.7 ವೋಲ್ಟಿನ ಲೆಕ್ಕ; ಅಂದರೆ 37 ವ್ಯಾಟ್-ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗಲೂ ಫೋನಿಗೆ ತುಂಬುವಾಗಲೂ ಒಂದಂಶ ಶಾಖವಾಗಿ ವ್ಯಯವಾಗುತ್ತದೆ. ವಾಸ್ತವದಲ್ಲಿ ದೊರೆಯುವುದು ಸುಮಾರು ಒಂದೂವರೆ ಬಾರಿಯ ಚಾರ್ಜು ಮಾತ್ರ. ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ಚಿಹ್ನೆಯೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ಎಂದು ನೋಡಬೇಕು. ಕೊಂಡದ್ದನ್ನು ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜು ಮಾಡಬೇಕು. ಉಬ್ಬಿಕೊಂಡದ್ದನ್ನು ಒಂದು ಗಳಿಗೆಯೂ ಬಳಸಬಾರದು. ಅದು ಹೊತ್ತಿಕೊಳ್ಳುವ ಅಪಾಯವಿದೆ. ಈ ಕಾರಣದಿಂದಲೇ ವಿಮಾನದಲ್ಲಿ ಇದನ್ನು ಸರಕಿನ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮವಿದೆ. 100 ವ್ಯಾಟ್-ಅವರ್‌ಗಿಂತ ಮಿಕ್ಕಿದ್ದಕ್ಕೆ ವಿಮಾನ ಕಂಪೆನಿಯ ಅನುಮತಿ ಬೇಕು. 2025ರ ಅಕ್ಟೋಬರ್ 1ರಿಂದ ಎಮಿರೇಟ್ಸ್ ವಿಮಾನಗಳಲ್ಲಿ ಇದನ್ನು ಪ್ರಯಾಣದ ನಡುವೆ ಬಳಸುವುದನ್ನೇ ನಿಷೇಧಿಸಲಾಗಿದೆ. ಕೊಲ್ಲಿ ರಾಷ್ಟ್ರಗಳಿಂದ ಮನೆಯವರಿಗಾಗಿ ಪವರ್ ಬ್ಯಾಂಕ್ ತರುವ ನಮ್ಮ ಹಳೆ ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಲೇಸು.

ಇರುವ ಚಾರ್ಜನ್ನು ಉಳಿಸುವುದೂ ಒಂದು ವಿದ್ಯೆಯೇ. ಸಂಕೇತ ಕ್ಷೀಣವಾದಷ್ಟೂ ಫೋನು ಗೋಪುರವನ್ನು ಹುಡುಕುತ್ತಾ ಹೆಚ್ಚು ವಿದ್ಯುತ್ತನ್ನು ವ್ಯಯಿಸುತ್ತದೆ. ಗುಡ್ಡಗಳ ಮರೆಯಲ್ಲಿರುವ ಮನೆಗಳಲ್ಲಿ ಫೋನು ಬೇಗ ಬರಿದಾಗಲು ಇದೊಂದು ಕಾರಣ. ಕರೆಂಟು ಹೋದೊಡನೆ ಅಂತರ್ಜಾಲವನ್ನು ನಿಲ್ಲಿಸಿ, ಪರದೆಯ ಬೆಳಕನ್ನು ತಗ್ಗಿಸಿದರೆ ಒಂದು ದಿನದ ಚಾರ್ಜು ಎರಡು ದಿನಕ್ಕೆ ಬಂದೀತು.

ಆದರೆ ಮನೆಗೊಂದು ಪವರ್ ಬ್ಯಾಂಕಿದ್ದರೆ ಸಮಸ್ಯೆ ಮುಗಿಯಿತೆಂದು ನಾನು ಭಾವಿಸುವುದಿಲ್ಲ. ಇನ್ವರ್ಟರು ಇರುವವನ ಮನೆಯಲ್ಲಿ ಎರಡನೆಯ ದಿನವೂ ಬೆಳಕಿರುತ್ತದೆ. ಕಷ್ಟವೇನಿದ್ದರೂ ಇಬ್ಬರೇ ಇರುವ ವೃದ್ಧರಿಗೆ, ಹಾಸಿಗೆ ಹಿಡಿದವರಿರುವ ಮನೆಗಳಿಗೆ, ಕೂಲಿನಾಲಿ ಮಾಡುವವರಿಗೆ. ಎಂಡೋಸಲ್ಫಾನ್ ದುರಂತದಿಂದ ನಲುಗಿದ ಎಣ್ಮಕಜೆ, ಬೆಳ್ಳೂರು ಮುಂತಾದ ಗ್ರಾಮಗಳಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಹಿಂದೆ ಸೂಟೆ ಊರಿನದಾಗಿದ್ದಂತೆ, ಇಂದು ಆಪತ್ಕಾಲದ ವಿದ್ಯುತ್ತೂ ಊರಿನದಾಗಬೇಕು. ಅದಕ್ಕೆ ನಮ್ಮ ಶಾಲೆಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ನೆರೆ ಬಂದಾಗ ಪರಿಹಾರ ಶಿಬಿರಗಳು ತೆರೆಯುವುದು ಶಾಲೆಗಳಲ್ಲಿಯೇ ತಾನೇ?

ಇದರ ಲೆಕ್ಕವೂ ಕಠಿಣವಲ್ಲ. ಮನೆಯ ಇನ್ವರ್ಟರಿಗೆ ಬಳಸುವ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯೊಂದರಲ್ಲಿ 1,800 ವ್ಯಾಟ್-ಅವರ್ ವಿದ್ಯುತ್ತಿರುತ್ತದೆ. ಬ್ಯಾಟರಿ ಬಾಳಬೇಕೆಂದರೆ ಅದರ ಅರ್ಧವನ್ನಷ್ಟೇ ಬಳಸೋಣ. ಒಂದು ಫೋನು ತುಂಬಲು ನಷ್ಟವೂ ಸೇರಿ ಸುಮಾರು 25 ವ್ಯಾಟ್-ಅವರ್ ಬೇಕು. ಅಂದರೆ ಒಂದು ಬ್ಯಾಟರಿಯಿಂದ ಸುಮಾರು 35, ಎರಡರಿಂದ 70 ಫೋನುಗಳಿಗೆ ಜೀವ ತುಂಬಬಹುದು. ಮಳೆಗಾಲದ ಮೋಡದಲ್ಲಿ ಸೌರಫಲಕವನ್ನೇ ನೆಚ್ಚಿ ಕೂರುವಂತಿಲ್ಲ. ಆದುದರಿಂದ ಕರೆಂಟಿರುವಾಗಲೇ ಬ್ಯಾಟರಿಯನ್ನು ತುಂಬಿಟ್ಟು, ಮಾಡಿನ ಮೇಲಿನ ಫಲಕವನ್ನು ಪೂರಕವಾಗಿ ಇರಿಸಿಕೊಳ್ಳುವುದು ಉಚಿತ. ಬ್ಯಾಟರಿಯ ನೀರಿನ ಮಟ್ಟವನ್ನು ನೋಡುವ ಕೆಲಸವನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಹಿರಿಯ ತರಗತಿಯ ಮಕ್ಕಳು ಮಾಡಲಿ. ವಿಜ್ಞಾನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗ ಇನ್ನಾವುದು?

ಇದು ಸರಕಾರದ ಕೆಲಸ, ನಮ್ಮದಲ್ಲ ಎಂದು ಕೆಲವರು ಹೇಳಬಹುದು. ಸರಕಾರದ ಹೊಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಶಾಲೆಯ ಮೊದಲ ಮಾಡಿಗೆ ಹಂಚು ಹೊದಿಸಿದವರು ಊರವರೇ ಎಂಬುದನ್ನು ನೆನೆಯೋಣ. ಸುವರ್ಣ ಮಹೋತ್ಸವದ ನೆನಪಿಗಾಗಿ ಮಹಾದ್ವಾರವೊಂದನ್ನು ನಿರ್ಮಿಸುವ ಮಾತು ಹಳೆ ವಿದ್ಯಾರ್ಥಿಗಳ ನಡುವೆ ಕೇಳಿಬರುತ್ತಿದೆ. ದ್ವಾರ ಬೇಡವೆನ್ನಲಾರೆ; ಅದಕ್ಕೆ ಮೊದಲು ಈ ಕೆಲಸವಾಗಲಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಆಂಗ್ಲ ಮಾಧ್ಯಮದತ್ತ ಸರಿಯುತ್ತಿರುವ ಈ ದಿನಗಳಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ ಅಭಿಮಾನದ ಭಾಷಣಗಳಷ್ಟೇ ಸಾಲವು. ಕಷ್ಟದ ರಾತ್ರಿ ಕಾಲು ತಾನಾಗಿ ನಡೆದುಹೋಗುವ ಸ್ಥಳವಾಗಿ ಶಾಲೆ ಊರವರ ಮನಸ್ಸಿನಲ್ಲಿ ನಿಲ್ಲಬೇಕು.

ಶಾಲೆಯ ಜಗಲಿಯಲ್ಲಿ ಅಂತಹ ಒಂದು ಕೋಣೆಯಾಗಲಿ. ಅದರ ಮೇಲಿನ ಫಲಕವನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಸೋಣ. ಆಪತ್ತಿಗೆ ಭಾಷೆಯ ಭೇದವಿಲ್ಲ. ಬೀಗದ ಕೈ ಶಾಲೆಗೆ ಹತ್ತಿರವಿರುವ ಎರಡು ಮನೆಗಳಲ್ಲಿರಲಿ. ಮುಂದಿನ ಮುಂಗಾರಿನ ಮೊದಲು ಇದು ಕೈಗೂಡುವಂತೆ ಹಳೆ ವಿದ್ಯಾರ್ಥಿಗಳೂ ರಕ್ಷಕರೂ ಮನಸ್ಸು ಮಾಡಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ. ಮೊದಲ ಬ್ಯಾಟರಿಯ ಖರ್ಚನ್ನು ನಾನು ವಹಿಸಿಕೊಳ್ಳುತ್ತೇನೆ. ಆ ರಾತ್ರಿ ಬರಿದಾದ ಫೋನು ಹಿಡಿದು ನಿಂತ ನನ್ನ ಮೇಲೆ ಅಷ್ಟು ಋಣವಿದೆ.