ಬಿಸಿಯೂಟದ ಸಾರಿಗೆ ಶಾಲೆಯದೇ ಸೊಪ್ಪು

ಶಾಲೆಗಳು ತೆರೆದಿವೆ. ಮುಂಗಾರಿನ ಮಳೆಗೆ ಆಟದ ಮೈದಾನದ ಅಂಚಿನಲ್ಲಿ ಹುಲ್ಲು ಚಿಗುರಿದೆ. ಹುಲ್ಲು ಬೆಳೆಯುವ ಜಾಗದಲ್ಲಿ ಹರಿವೆ ಸೊಪ್ಪೂ ಬೆಳೆಯುತ್ತದೆ, ಅಲ್ಲವೇ ಮಕ್ಕಳೇ? ಈ ವಾರ ಶಾಲೆಯ ಕೈತೋಟದ ಬಗ್ಗೆ ಮಾತಾಡೋಣ. ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಓದಲಿ. ಇದು ಮಕ್ಕಳು ಮತ್ತು ಮೇಷ್ಟ್ರಿಂದಷ್ಟೇ ಆಗುವ ಕೆಲಸವಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಬಿಸಿಯೂಟದ ನಿಯಮದಂತೆ 1ರಿಂದ 5ನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಸಿಗಬೇಕು. 60 ಮಕ್ಕಳಿದ್ದರೆ 3 ಕಿಲೋ ಆಯಿತು. ಪೇಟೆಯಲ್ಲಿ ಬೆಲೆ ಏರಿದ ವಾರ ಸಾರಿನ ಪಾತ್ರೆಯಲ್ಲಿ ಹೋಳು ಹುಡುಕಬೇಕಾಗುತ್ತದೆ. ಅದು ಅಡುಗೆಯವರ ತಪ್ಪಲ್ಲ. ನಾಲ್ಕು ಮಡಿಗಳಿಂದ ದಿನವೂ 3 ಕಿಲೋ ಬರುವುದಿಲ್ಲ, ನಿಜ. ಆದರೆ ವಾರಕ್ಕೊಂದು ದಿನ ಸೊಪ್ಪಿನ ಸಾರು, ಮಿಕ್ಕ ದಿನ ಒಗ್ಗರಣೆಗೆ ಕರಿಬೇವು ಎಂದು ಗುರಿ ಇಟ್ಟುಕೊಳ್ಳಬಹುದು. ಅಳತೆ ಮೀರಿದ ಗುರಿಯ ತೋಟ ಆಗಸ್ಟ್ 15ಕ್ಕೆ ಫಲಕ ಕಂಡು ದಸರಾ ರಜೆಗೆ ಒಣಗಿರುತ್ತದೆ.

ಜಾಗ ಆರಿಸುವಾಗ ಎರಡೇ ಪ್ರಶ್ನೆ ಕೇಳಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುತ್ತದೆಯೇ? ನೀರು ಹತ್ತಿರದಲ್ಲಿದೆಯೇ? ಮಡಿಯ ಅಗಲ 3 ಅಡಿ ಸಾಕು. ಆಗ ಎರಡನೇ ತರಗತಿಯ ಮಗುವೂ ಮಡಿಯನ್ನು ತುಳಿಯದೆ ನಡುವಿನ ಕಳೆ ಕೀಳಬಹುದು. ಮಲೆನಾಡು, ಕರಾವಳಿಯಲ್ಲಿ ನೀರು ನಿಲ್ಲದಂತೆ ಏರುಮಡಿ ಮಾಡಿ. ಬಯಲುಸೀಮೆಯಲ್ಲಿ ನೀರು ಹಿಡಿಯುವಂತೆ ಮಡಿ ತುಸು ತಗ್ಗಿರಲಿ.

ಮಕ್ಕಳಿಗೆ ತಾಳ್ಮೆ ಕಡಿಮೆ. ಹಾಗಾಗಿ ಬೇಗ ಕೈಗೆ ಬರುವುದನ್ನು ಮೊದಲು ಬಿತ್ತಿ. ಹರಿವೆ, ಮೆಂತ್ಯ ಸುಮಾರು ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಬೆಂಡೆ, ಹುರುಳಿಕಾಯಿಗೆ ಒಂದೂವರೆ ತಿಂಗಳಾದರೂ ಬೇಕು. ಇಡೀ ಬೀಜ ಒಂದೇ ದಿನ ಚೆಲ್ಲಬೇಡಿ. ಹತ್ತು ದಿನಕ್ಕೊಂದು ಮಡಿ ಬಿತ್ತಿದರೆ ಸೊಪ್ಪು ಸರದಿಯಲ್ಲಿ ಸಿಗುತ್ತದೆ. ಬೇಲಿಗೆ ಚಪ್ಪರದವರೆ, ಬಸಳೆ ಹಬ್ಬಿಸಿ. ಮೂಲೆಯಲ್ಲಿ ನುಗ್ಗೆ, ಕರಿಬೇವು, ಪಪ್ಪಾಯಿ ಇರಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ ಮತ್ತೆ ಮತ್ತೆ ಕತ್ತರಿಸಿದರೂ ಚಿಗುರುವ ತಳಿ. ಆದರೆ ಅಜ್ಜಿಯ ಡಬ್ಬಿಯಲ್ಲಿರುವ ಊರಿನ ಬೀಜವನ್ನು ಮೊದಲು ಕೇಳಿ. ಅದಕ್ಕೆ ನಿಮ್ಮ ಮಣ್ಣಿನ ಪರಿಚಯವಿದೆ.

ನೀರಿನಲ್ಲಿ ವಿವೇಕ ಬೇಕು. ಅಕ್ಕಿ, ತರಕಾರಿ ತೊಳೆದ ನೀರು ಮಡಿಗೆ ಹೋಗಲಿ. ಸೋಪು ಬೆರೆತ ತಟ್ಟೆ ತೊಳೆದ ನೀರನ್ನು ಬಾಳೆಯ ಬುಡಕ್ಕೆ ಬಿಡಿ, ಸೊಪ್ಪಿಗೆ ಬೇಡ. ಸಿಪ್ಪೆ, ತರಗೆಲೆ ಗೊಬ್ಬರದ ಗುಂಡಿಗೆ ಸೇರಲಿ. ಉಳಿದ ಅನ್ನ ಹಾಕಿದರೆ ಇಲಿ ಬರುತ್ತದೆ. ಮಕ್ಕಳು ಕೈಯಾಡಿಸುವ ತೋಟಕ್ಕೆ ವಿಷದ ಔಷಧಿ ಬೇಡವೇ ಬೇಡ. ಹುಳ ಬಂದರೆ ಕೈಯಿಂದ ಆರಿಸಿ, ಬೇವಿನ ಬೀಜದ ಕಷಾಯ ಸಿಂಪಡಿಸಿ.

ಇನ್ನು ಹಿರಿಯರಿಗೆ ಮೂರು ಮಾತು.

ತಡವಾಗಿ ಬಂದವನಿಗೆ, ಮಗ್ಗಿ ತಪ್ಪಿದವಳಿಗೆ ಕಳೆ ಕೀಳುವ ಶಿಕ್ಷೆ ಕೊಡಬೇಡಿ. ಶಿಕ್ಷೆಯಾಗಿ ಹಿಡಿದ ಗುದ್ದಲಿಯನ್ನು ಆ ಮಗು ಮುಂದೆ ಪ್ರೀತಿಯಿಂದ ಮುಟ್ಟುವುದಿಲ್ಲ. ತೋಟಕ್ಕೆ ಹೋಗುವುದು ಎಲ್ಲರ ಸರದಿಯಾಗಿರಲಿ. ಹುಡುಗರು ಅಗೆಯುವುದು, ಹುಡುಗಿಯರು ಗುಡಿಸುವುದು ಎಂಬ ಹಂಚಿಕೆಯೂ ಬೇಡ. ಯಾರ ಮನೆಯ ಮಗು ನೀರು ಹೊತ್ತಿತು ಎಂದು ಕೇಳುವ ಊರಿದ್ದರೆ, ಅಲ್ಲಿ ಎಲ್ಲ ಮಕ್ಕಳೂ ಒಂದೇ ಕೊಡದಿಂದ ನೀರು ಹಾಕಲಿ. ಆ ಸೊಪ್ಪಿನ ಸಾರನ್ನು ಒಂದೇ ಸಾಲಿನಲ್ಲಿ ಕೂತು ಉಣ್ಣಲಿ.

ಎರಡನೆಯದು ಬೇಸಿಗೆ ರಜೆ. ಹೆಚ್ಚಿನ ಶಾಲಾ ತೋಟಗಳು ಸಾಯುವುದು ಏಪ್ರಿಲ್‌ನಲ್ಲಿ. ಶಾಲಾಭಿವೃದ್ಧಿ ಸಮಿತಿಯ ಮೊದಲ ಸಭೆಯಲ್ಲೇ ರಜೆಯ ಪಟ್ಟಿ ಬರೆಯಿರಿ. ಏಳು ವಾರದ ರಜೆಗೆ ಶಾಲೆಯ ಸುತ್ತಲಿನ 14 ಮನೆಗಳು ಒಪ್ಪಿದರೆ ಒಂದು ಮನೆಗೆ ಬರುವುದು ಮೂರೂವರೆ ದಿನದ ಪಾಳಿ. ನೀರು ಹಾಕಿದವರು ಆ ದಿನದ ಬಸಳೆ, ನುಗ್ಗೆ ಮನೆಗೆ ಒಯ್ಯಲಿ. ಹಾಗೆ ಪಾಲು ಪಡೆದ ಮನೆಯವರೇ ಬೇಲಿ ಹಾರುವ ದನವನ್ನೂ ಬದನೆ ಕದಿಯುವ ಕೈಯನ್ನೂ ತಡೆಯುತ್ತಾರೆ.

ಮೂರನೆಯದು ಲೆಕ್ಕ. ಕೊಯ್ದ ಸೊಪ್ಪನ್ನು ಮಕ್ಕಳೇ ತೂಗಿ, ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಲಿ. ನಾಲ್ಕನೇ ತರಗತಿಯ ಗಣಿತ ಅಲ್ಲೇ ಮುಗಿಯುತ್ತದೆ. ಎಷ್ಟು ಬೆಳೆಯಿತು, ಎಷ್ಟು ಅಡುಗೆಮನೆಗೆ ಹೋಯಿತು ಎಂಬುದು ಎಲ್ಲರಿಗೂ ತಿಳಿದಿರುತ್ತದೆ.

ಮಕ್ಕಳೇ, ನಾಳೆ ಶಾಲೆಗೆ ಹೋದಾಗ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಿ ಒಂದು ನಕ್ಷೆ ಬರೆಯಿರಿ. ಅದನ್ನು ಮೇಷ್ಟ್ರಿಗೆ ತೋರಿಸಿ. ಅಜ್ಜಿಯ ಹತ್ತಿರ ಒಂದು ಹಿಡಿ ಬೀಜ ಕೇಳುವುದನ್ನು ಮರೆಯಬೇಡಿ.