ಗಾಡ್ಗೀಳ್ ವರದಿ ಓದದೆ ಬರೆದ ಸುದ್ದಿ

ಮೊದಲೇ ಒಪ್ಪಿಕೊಳ್ಳುತ್ತೇನೆ. ಗಾಡ್ಗೀಳ್ ವರದಿ ವಿರುದ್ಧ ನಮ್ಮ ತಾಲೂಕಿನಲ್ಲಿ ನಡೆದ ಪ್ರತಿಭಟನೆಯ ಸುದ್ದಿಯನ್ನು ನಾನು ನಾಲ್ಕೈದು ಸಲ ಬರೆದಿದ್ದೇನೆ. ಒಮ್ಮೆಯೂ ವರದಿಯ ಒಂದು ಪುಟ ಓದಿರಲಿಲ್ಲ. ಭಾಷಣದಲ್ಲಿ 'ಒಕ್ಕಲೆಬ್ಬಿಸುತ್ತಾರೆ' ಅಂದರು, ನಾನೂ ಹಾಗೇ ಕಳಿಸಿದೆ. ಡೆಸ್ಕಿನವರೂ ಕೇಳಲಿಲ್ಲ. ಸ್ಟ್ರಿಂಗರ್ ಬದುಕು ನಿಮಗೆ ಗೊತ್ತಲ್ಲ, ಸಂಜೆಯೊಳಗೆ ಫೋಟೊ ಸಮೇತ ಸುದ್ದಿ ಹೋಗಬೇಕು.

2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮಾಧವ ಗಾಡ್ಗೀಳರಿಗೆ 'ಚಾಂಪಿಯನ್ಸ್ ಆಫ್ ದಿ ಅರ್ಥ್' ಜೀವಮಾನ ಸಾಧನೆ ಗೌರವ ಕೊಟ್ಟಿತು. ಆಗ ಕುತೂಹಲಕ್ಕೆ ಓದಲು ಕೂತೆ.

ಪುಣೆಯ ಈ ಹುಡುಗ ಹಾರ್ವರ್ಡಿನಲ್ಲಿ ಗಣಿತ ಆಧಾರಿತ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಅಲ್ಲೇ ಉಳಿಯಬಹುದಿತ್ತು. 1971ರಲ್ಲಿ ವಾಪಸು ಬಂದು, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮುಂದೆ ಜಾಗತಿಕ ಪರಿಸರ ನಿಧಿಯ ವಿಜ್ಞಾನ ಸಲಹಾ ಸಮಿತಿಗೆ ಅಧ್ಯಕ್ಷರಾದರು, ವೋಲ್ವೊ, ಟೈಲರ್ ಪ್ರಶಸ್ತಿಗಳೂ ಬಂದವು. ಆದರೆ ನನ್ನ ಮಟ್ಟಿಗೆ ಅವರ ನಿಜವಾದ ಪಾಠಶಾಲೆ ಇರುವುದು ಉತ್ತರ ಕನ್ನಡದ ಬಿದಿರು ಮೆಳೆಯಲ್ಲಿ.

ಎಪ್ಪತ್ತರ ದಶಕದಲ್ಲಿ ಬುಟ್ಟಿ ಹೆಣೆಯುವವರು ಬಿದಿರು ಸಿಗುತ್ತಿಲ್ಲವೆಂದು ಸರ್ಕಾರಕ್ಕೆ ದೂರಿದರು. ಕಾಗದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ ಬಿದಿರು ಕೊಟ್ಟಿದ್ದ ಕಾಲ ಅದು. ಅಧ್ಯಯನ ಮಾಡಲು ಗಾಡ್ಗೀಳರಿಗೆ ಹೇಳಲಾಯಿತು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳು ಕಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಇಲಾಖೆಯ ನಂಬಿಕೆ. ಊರಿನವರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿ ಬಿಡುವುದಿಲ್ಲ, ಮುಳ್ಳೇ ಅದಕ್ಕೆ ಬೇಲಿ. ಗಾಡ್ಗೀಳರು ಪರೀಕ್ಷಿಸಿ ನೋಡಿದರು. ಊರಿನವರ ಮಾತೇ ಸರಿಯಿತ್ತು.

ಇದನ್ನು ಓದುವಾಗ ನನಗೆ ನಾಚಿಕೆಯಾಯಿತು. ಹಾರ್ವರ್ಡಿನಿಂದ ಬಂದವರು ಮೆಳೆಯ ಪಕ್ಕ ನಿಂತು ಕೇಳಿಸಿಕೊಂಡರು. ಇದೇ ಊರಿನಲ್ಲಿ ಹುಟ್ಟಿದ ನಾನು ಮೈಕಿನ ಮುಂದೆ ನಿಂತವರ ಮಾತನ್ನು ಮಾತ್ರ ಬರೆದುಕೊಂಡೆ.

ಪಶ್ಚಿಮ ಘಟ್ಟದ ವರದಿಯೂ ಇದೇ ದಾರಿಯದ್ದು. 2011ರ ಆಗಸ್ಟಿನಲ್ಲಿ ಅದು ಕೇಂದ್ರದ ಕೈಸೇರಿತು, ಜನರಿಗೆ ಸಿಗಲು ಮಾಹಿತಿ ಹಕ್ಕು, ದೆಹಲಿ ಹೈಕೋರ್ಟು ಎಲ್ಲ ಬೇಕಾಯಿತು. ಒಳಗೆ ಹುಡುಕಿದರೆ ಒಕ್ಕಲೆಬ್ಬಿಸುವ ಮಾತು ಇಲ್ಲ. ಎಲ್ಲಿ ಯಾವ ನಿಯಮ ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದಿದೆ. ಗಣಿಗಾರಿಕೆ, ದೊಡ್ಡ ಅಣೆಕಟ್ಟುಗಳ ಮೇಲೆ ಗಟ್ಟಿ ನಿಲುವು. ಆ ನಿಲುವು ಯಾರಿಗೆ ತೊಂದರೆಯೋ ಅವರೇ ಅಡಿಕೆ ಬೆಳೆಗಾರನನ್ನು ಮುಂದೆ ನಿಲ್ಲಿಸಿದರೇ? ನನಗೆ ಅನುಮಾನವಿದೆ, ಸಾಕ್ಷ್ಯವಿಲ್ಲ.

ಹಾಗಂತ ವರದಿಯಲ್ಲಿ ತಪ್ಪೇ ಇಲ್ಲ ಅನ್ನಲಾರೆ. ಇಡೀ ತಾಲೂಕನ್ನು ಒಂದು ವಲಯವೆಂದು ಗುರುತಿಸಿದ್ದು ಹೆದರಿಕೆಗೆ ದಾರಿಮಾಡಿತು. ನೂರಾರು ಪುಟದ ಇಂಗ್ಲಿಷ್ ಕಡತ ಗ್ರಾಮಸಭೆಗೆ ಏನು ಹೇಳೀತು? ಆ ಜಾಗದಲ್ಲಿ ನಮ್ಮಂಥವರ ಕೆಲಸವಿತ್ತು. ಎರಡು ಪುಟ ಕನ್ನಡದಲ್ಲಿ ಸರಿಯಾಗಿ ಬರೆದಿದ್ದರೂ ಜನ ಒಪ್ಪುವುದೋ ಬಿಡುವುದೋ ಅವರೇ ತೀರ್ಮಾನಿಸುತ್ತಿದ್ದರು.

ನಂತರ ಬಂದ ಕಸ್ತೂರಿರಂಗನ್ ವರದಿ ವ್ಯಾಪ್ತಿಯನ್ನು ಇಳಿಸಿತು. 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆ ಬಂದವು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ನಡುವೆ 2018ರಲ್ಲಿ ಕೊಡಗು ಕುಸಿಯಿತು, 2024ರ ಜುಲೈ 30ರಂದು ವಯನಾಡು. ಅದಾಗಿ ಎರಡೇ ತಿಂಗಳೊಳಗೆ ನಮ್ಮ ಸಂಪುಟ ಕರಡನ್ನು ತಿರಸ್ಕರಿಸಿತು.

ಮೊನ್ನೆ ಪಕ್ಕದ ಪಂಚಾಯಿತಿಗೆ ಹೋಗಿ ಜೀವವೈವಿಧ್ಯ ದಾಖಲಾತಿ ಕೇಳಿದೆ. ಜನರೇ ತಮ್ಮೂರಿನ ಗಿಡ, ಮೀನು, ಹಕ್ಕಿ ಬರೆದಿಡುವ ಆ ಪುಸ್ತಕದ ಕಲ್ಪನೆಗೂ ಗಾಡ್ಗೀಳರೇ ಬೆನ್ನೆಲುಬು. ಗುಮಾಸ್ತರು ಬೀರು ತೆಗೆದು ಧೂಳು ಒರೆಸಿ ಕೊಟ್ಟರು. 'ಇದನ್ನ ಕೇಳಿಕೊಂಡು ಬಂದವರಲ್ಲಿ ನೀವೇ ಮೊದಲು' ಅಂದರು. ಬಿದಿರಿನ ಪುಟದಲ್ಲಿ ಒಂದೇ ಸಾಲಿತ್ತು. ಬರುವ ವಾರ ಮೇದಾರರ ಕೇರಿಗೆ ಹೋಗುವವನಿದ್ದೇನೆ.