ಹಗ್ಗ ಬೀಸಿದ ಹಾಸ್ಯಗಾರ

ದೊಡ್ಡವರ ಬೆನ್ನ ಹಿಂದೆ ನಗುವವರು ಎಲ್ಲ ನಾಡುಗಳಲ್ಲಿಯೂ ಉಂಟು. ಅವರ ಇದಿರಿನಲ್ಲಿಯೇ ನಿಂತು, ಅವರ ಕೊರತೆಯನ್ನೇ ಎತ್ತಿ ಆಡಿ, ಅವರನ್ನೇ ನಗಿಸಬಲ್ಲವರು ವಿರಳ. ಅಮೆರಿಕದ ವಿಲ್ ರೋಜರ್ಸ್ ಅಂಥವರಲ್ಲೊಬ್ಬ. 1916ರಲ್ಲಿ ಬಾಲ್ಟಿಮೋರ್ ನಗರದ ರಂಗಮಂದಿರವೊಂದರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಪ್ರೇಕ್ಷಕರ ನಡುವೆ ಕುಳಿತಿದ್ದರು. ವೇದಿಕೆಯ ಮೇಲೆ ಹಗ್ಗ ಬೀಸುತ್ತ ಬಂದ ರೋಜರ್ಸ್, ಸರ್ಕಾರದ ಸೇನಾಸಿದ್ಧತೆ ಸಾಲದೆಂದು ಗೇಲಿ ಮಾಡತೊಡಗಿದನು. ಒಳಗೊಳಗೆ ಅವನ ಎದೆ ನಡುಗುತ್ತಿತ್ತು. ವಿಲ್ಸನ್ನರು ಮನಸಾರೆ ನಕ್ಕರು.

ಈ ಎದೆಗಾರಿಕೆಯ ಮೂಲ ಅವನ ಹುಟ್ಟಿನಲ್ಲಿದೆ. 1879ರಲ್ಲಿ ಅವನು ಜನಿಸಿದ ನೆಲ ಇಂದು ಓಕ್ಲಹೋಮ ರಾಜ್ಯ. ಅಂದು ಅದು ಚೆರೋಕಿ ಎಂಬ ಮೂಲನಿವಾಸಿಗಳ ಸೀಮೆ. ತಂದೆ ತಾಯಿ ಇಬ್ಬರಲ್ಲಿಯೂ ಚೆರೋಕಿ ರಕ್ತವಿತ್ತು. 'ಮೇಫ್ಲವರ್' ಹಡಗಿನಲ್ಲಿ ಬಂದಿಳಿದ ಬಿಳಿಯರ ವಂಶ ತಮ್ಮದೆಂದು ಬೀಗುವವರಿಗೆ ರೋಜರ್ಸನ ಉತ್ತರ ಸಿದ್ಧವಾಗಿತ್ತು: ತನ್ನ ಹಿರಿಯರು ಆ ಹಡಗಿನಲ್ಲಿ ಬರಲಿಲ್ಲ, ದಡದಲ್ಲಿ ನಿಂತು ಅದನ್ನು ಎದುರುಗೊಂಡರು! ನೆಲ ಕಳೆದುಕೊಂಡ ಜನರ ಸಂಕಟವಷ್ಟೂ ಈ ವಿನೋದದಲ್ಲಿ ಅಡಗಿದೆ. ಕೇಳಿದವನು ಮೊದಲು ನಗುತ್ತಾನೆ. ಅರ್ಥವಾದ ಮೇಲೆ ತಲೆ ತಗ್ಗಿಸುತ್ತಾನೆ.

ದನಗಾಹಿಯ ಹಗ್ಗವೇ ಅವನನ್ನು ರಂಗಭೂಮಿಗೂ ಚಲನಚಿತ್ರಕ್ಕೂ ಎಳೆದೊಯ್ದಿತು. ಮೂಕಿ, ಟಾಕಿ ಸೇರಿ ಸುಮಾರು 70 ಚಿತ್ರಗಳಲ್ಲಿ ಅವನು ನಟಿಸಿದನು. ಆದರೆ ಅವನ ನಿಜವಾದ ವೇದಿಕೆ ವೃತ್ತಪತ್ರಿಕೆ. 1922ರಿಂದ ವಾರಕ್ಕೊಂದು ಲೇಖನ. 1926ರಿಂದ ದಿನಕ್ಕೊಂದು ಕಿರುಟಿಪ್ಪಣಿ, ತಂತಿಯ ಮೂಲಕ. ತನಗೆ ತಿಳಿದುದೆಲ್ಲ ಪತ್ರಿಕೆಯಲ್ಲಿ ಓದಿದ್ದಷ್ಟೇ ಎಂದು ಅವನು ಹೇಳಿಕೊಳ್ಳುತ್ತಿದ್ದನು. ಇದು ಬರಿಯ ವಿನಯವಲ್ಲ, ಜಾಣತನವೂ ಹೌದು. ಏನೂ ಅರಿಯದವನ ವೇಷ ತೊಟ್ಟವನಿಗೆ ಬಲ್ಲವರು ನುಡಿಯಲಂಜುವುದನ್ನು ನುಡಿಯುವ ಸ್ವಾತಂತ್ರ್ಯ ದೊರೆಯುತ್ತದೆ.

1931ರಲ್ಲಿ, ಅನಾವೃಷ್ಟಿಯಿಂದ ಆರ್ಕನ್ಸಾ ಮೊದಲಾದ ರಾಜ್ಯಗಳ ರೈತರು ಹಸಿದಿದ್ದಾಗ, ಅವನು ಅಧ್ಯಕ್ಷ ಹೂವರರನ್ನು ಕಂಡು ಸರ್ಕಾರದ ನೆರವು ಬೇಡಿದನು. ಅದು ದೊರೆಯಲಿಲ್ಲ. ಊರೂರು ತಿರುಗಿ, ಜನರನ್ನು ನಗಿಸಿ, ಕೂಡಿದ ಹಣವನ್ನು ರೆಡ್‌ಕ್ರಾಸ್ ಸಂಸ್ಥೆಗೆ ಕೊಟ್ಟನು.

ಇಂಥವನೂ ಎಡವಿದನು. 1934ರಲ್ಲಿ ಬಾನುಲಿಯಲ್ಲಿ ಮಾತನಾಡುತ್ತ ಕರಿಯ ಜನರನ್ನು ಹೀನಾಯದ ಹೆಸರಿನಿಂದ ಕರೆದನು. ಅವರು ಪ್ರತಿಭಟಿಸಿದರು, ಪ್ರತಿಭಟಿಸಿದ್ದು ನ್ಯಾಯವೇ. ಅಧ್ಯಕ್ಷರತ್ತ ಬೀಸಿದಾಗ ಗುರಿ ತಪ್ಪದ ಅವನ ಹಗ್ಗ, ಬಲವಿಲ್ಲದವರ ಕೊರಳಿಗೆ ಬಿದ್ದಾಗ ಹಾಸ್ಯವಾಗಿ ಉಳಿಯಲಿಲ್ಲ. ತನ್ನವರ ನೋವನ್ನು ಬಲ್ಲವನಿಗೆ ನೆರೆಯವರ ನೋವು ಕಾಣದೆ ಹೋದುದು ವಿಷಾದದ ಸಂಗತಿ.

ಮರುವರ್ಷ ಆಗಸ್ಟ್ 15ರಂದು ಅಲಾಸ್ಕದಲ್ಲಿ ವಿಮಾನ ಉರುಳಿ ಅವನು ಮಡಿದನು. ಜೀವಮಾನವೆಲ್ಲ ಅವನು ಅಣಕಿಸಿದ ಶಾಸನಸಭೆಯ ಬಾಗಿಲಿಗೆ ಮುಖಮಾಡಿ, ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ, 1939ರಿಂದ ಅವನ ಪ್ರತಿಮೆ ನಿಂತಿದೆ.